ಜೋಡಿ ಕೂಡಿದ ಮೇಲೆ ಕತೆ ಎಂತದು? ಫ್ಯಾಂಟಸಿ, ರೊಮಾನ್ಸ್ ಸರಣಿ ಓದುವವರು ಬನ್ನಿ

ಮಲೆನಾಡ ಓದುಗಿ, ಶಿರಸಿ

ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಕತೆಯ ಗುಟ್ಟೆಲ್ಲ ಬಿಚ್ಚಿಟ್ಟಿದ್ದೇನೆ. ‘ಆನಿಕ್ಸ್ ಸ್ಟಾರ್ಮ್’ ಇನ್ನೂ ಓದದವರು ಇಲ್ಲೇ ನಿಲ್ಲಿ. ಆಮೇಲೆ ನನ್ನ ಮೇಲೆ ಹರಿಹಾಯಬೇಡಿ.

ರೆಬೆಕಾ ಯಾರೋಸ್ ಬರೆಯುತ್ತಿರುವ ಡ್ರ್ಯಾಗನ್ ಸರಣಿಯ ಮೂರನೇ ಪುಸ್ತಕ ಅದು. ಬಂದದ್ದು 2025ರ ಜನವರಿಯಲ್ಲಿ. ನನ್ನ ಕೈಗೆ ಸಿಕ್ಕಿದ್ದು ತಡವಾಗಿ, ತಂಗಿ ತಾನು ಮುಗಿಸುವ ತನಕ ಮುಟ್ಟಲು ಬಿಡಲಿಲ್ಲ. ಮೊದಲ ಪುಸ್ತಕ ‘ಫೋರ್ತ್ ವಿಂಗ್’ (2023) ನನಗೆ ಜಾಸ್ತಿಯೇ ಹಿಡಿಸಿತ್ತು. ನಾಯಕಿ ವಯಲೆಟ್‌ಗೆ ಕೀಲುಗಳು ಸಡಿಲ. ಸ್ವಲ್ಪ ಜೋರಾಗಿ ಎಳೆದರೆ ಭುಜ ಜಾರಿಬಿಡುತ್ತದೆ. ಅಂಥವಳನ್ನು ಹೆತ್ತ ತಾಯಿಯೇ ಡ್ರ್ಯಾಗನ್ ಸವಾರರ ಯುದ್ಧ ಕಾಲೇಜಿಗೆ ನೂಕುತ್ತಾಳೆ. ಕೈಗೆ ಕೈ ಕೊಟ್ಟು ಹೊಡೆದಾಡಿದರೆ ಗೆಲ್ಲುವುದಿಲ್ಲ ಅಂತ ಅವಳಿಗೆ ಗೊತ್ತು. ಹಾಗಾಗಿ ಎದುರಾಳಿ ಯಾರು ಅಂತ ಮೊದಲೇ ತಿಳಿದುಕೊಂಡು ಅವರಿಗೆ ಮೆಲ್ಲಗೆ ವಿಷ ಹಾಕುತ್ತಾಳೆ. ಸಾಯುವಷ್ಟಲ್ಲ, ಅಖಾಡದಲ್ಲಿ ಕೈಕಾಲು ತಡವರಿಸುವಷ್ಟು. ನಾಯಕಿ ಅಂದರೆ ಹೀಗಿರಬೇಕು ಅನ್ನಿಸಿತು.

ಪ್ರೀತಿಯ ಲೆಕ್ಕವೂ ಚೆನ್ನಾಗಿತ್ತು. ಅವಳ ಡ್ರ್ಯಾಗನ್ನೂ ನಾಯಕ ಝೇಡನ್‌ನ ಡ್ರ್ಯಾಗನ್ನೂ ಜೋಡಿ. ಅವು ಬಹಳ ದಿನ ಬಿಟ್ಟಿರಲಾರವು. ಹಾಗಾಗಿ ಸವಾರರಿಬ್ಬರೂ ಮತ್ತೆ ಮತ್ತೆ ಎದುರಾಗಲೇಬೇಕು. ಜಗಳವಾಡಿ ಮುಖ ತಿರುಗಿಸಿಕೊಂಡರೂ ಡ್ರ್ಯಾಗನ್‌ಗಳು ಬಿಡುವುದಿಲ್ಲ. ಈ ಉಪಾಯಕ್ಕೆ ಭಲೇ ಅಂದೆ.

ಎರಡನೆಯ ಪುಸ್ತಕದಲ್ಲಿ ‘ನನಗ್ಯಾಕೆ ಹೇಳಲಿಲ್ಲ’, ‘ನೀನ್ಯಾಕೆ ಕೇಳಲಿಲ್ಲ’ ಅಂತ ಒಂದೇ ಜಗಳ. ಅಪ್ಪೆಹುಳಿಗೆ ನೆಂಟರು ಬಂದ ಹಾಗೆಲ್ಲ ನೀರು ಸುರಿದಂತೆ. ಸರಿ, ಸಹಿಸಿಕೊಂಡೆ. ಮೂರನೆಯದರ ಕೊನೆಯಲ್ಲಿ ಎಂತ ಆಯಿತು ಗೊತ್ತುಂಟಾ? ನಾಯಕಿಗೆ 12 ಗಂಟೆಗಳ ನೆನಪು ಹೋಗಿದೆ. ಬೆರಳಲ್ಲಿ ಉಂಗುರ ಇದೆ. ಮದುವೆ ಆಗಿಬಿಟ್ಟಿದೆ! ಯಾವಾಗ, ಹೇಗೆ, ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ನನಗೆ ಕೇಳಬೇಕಿರುವುದು ಇಷ್ಟೇ. ಜೋಡಿ ಕೂಡಿದ ಮೇಲೆ ಕತೆ ನಡೆಸಲು ಈ ಲೇಖಕರಿಗೆಲ್ಲ ಯಾಕಿಷ್ಟು ಹೆದರಿಕೆ? ಒಂದೋ ಇಬ್ಬರನ್ನೂ ದೂರ ಮಾಡುತ್ತಾರೆ. ಇಲ್ಲ, ಒಬ್ಬರಿಗೆ ಶಾಪವೋ ರೋಗವೋ ಅಂಟಿಸುತ್ತಾರೆ. ಅದೂ ಆಗದಿದ್ದರೆ ನಾಯಕನನ್ನೇ ಬದಲಾಯಿಸುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಬಾಳುವುದನ್ನು ಬರೆದ ಸರಣಿ ಇದ್ದರೆ ಹೇಳಿ. ಡ್ರ್ಯಾಗನ್ ಇದ್ದರೆ ಇನ್ನೂ ಒಳ್ಳೆಯದು.

ಹಾಸ್ಟೆಲ್ ಹುಡುಗಿ, ದಾಂಡೇಲಿ

ಅಕ್ಕಾ, ನಾಯಕನನ್ನು ಬದಲಾಯಿಸುವುದನ್ನು ಸುಮ್ನೆ ಬೈಯಬೇಡಿ. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ ಸರಣಿ ತಗೊಳ್ಳಿ. 2015ರ ಮೊದಲ ಪುಸ್ತಕದಲ್ಲಿ ನಾಯಕಿ ಫೇಯ್ರಾ ತಾನು ಪ್ರೀತಿಸಿದ ಟ್ಯಾಮ್ಲಿನ್‌ಗೋಸ್ಕರ ಸಾವಿನ ಬಾಯಿಗೇ ಹೋಗಿ ಬರುತ್ತಾಳೆ. ಬೇರೆಯವರಾಗಿದ್ದರೆ ಅಲ್ಲಿಗೆ ಶುಭಂ ಹಾಕುತ್ತಿದ್ದರು. ಮರುವರ್ಷ ಬಂದ ಎರಡನೆಯದರಲ್ಲಿ ಅವಳಿಗೆ ರಾತ್ರಿಯೆಲ್ಲ ಕೆಟ್ಟ ಕನಸು, ಎದ್ದು ವಾಂತಿ. ಪಕ್ಕದಲ್ಲೇ ಮಲಗಿದವನು ಕಂಡರೂ ಕಾಣದ ಹಾಗೆ ಇರುತ್ತಾನೆ. ಮದುವೆಗೆ ಅವಳಿಗೆ ಮನಸ್ಸಿಲ್ಲ, ಹೇಳಲು ಬಾಯಿಲ್ಲ. ಕೊನೆಗೆ ‘ನಿನ್ನ ಒಳ್ಳೆಯದಕ್ಕೇ’ ಅಂತ ಮಂತ್ರ ಹಾಕಿ ಮನೆಯೊಳಗೆ ಕೂಡಿಹಾಕುತ್ತಾನೆ.

ಆ ಭಾಗ ಓದುವಾಗ ನನಗೆ ಉಸಿರು ಕಟ್ಟಿತು. ಇಂಥ ಒಳ್ಳೆಯ ಹುಡುಗರನ್ನು ನಾವೂ ನೋಡಿದ್ದೇವೆ, ಅಲ್ವಾ? ಫೋನ್ ಪಾಸ್‌ವರ್ಡ್ ಕೇಳುವವರು, ‘ಈ ಡ್ರೆಸ್ ಬೇಡ’ ಅನ್ನುವವರು. ಮೊದಲ ಪ್ರೀತಿಯೇ ಕೊನೆಯದು ಅಂತ ಹಿಡಿದು ಕೂರಬೇಕಿಲ್ಲ ಅಂತ ಅಷ್ಟು ದೊಡ್ಡ ಸರಣಿಯಲ್ಲಿ ಬರೆದದ್ದು ನನಗೆ ದೊಡ್ಡ ವಿಷಯ.

ಒಂದು ತಕರಾರು ನನಗೂ ಇದೆ. ಎರಡನೇ ನಾಯಕ ರೀಸ್ಯಾಂಡ್ ಎಲ್ಲದರಲ್ಲೂ ಸರಿ, ಎಲ್ಲರಿಗಿಂತ ಚೆಂದ, ಎಲ್ಲರಿಗಿಂತ ಬಲಶಾಲಿ. ಅವನು ಮೊದಲು ಮಾಡಿದ ತಪ್ಪಿಗೆಲ್ಲ ಆಮೇಲೆ ಒಂದೊಂದು ಸಮಜಾಯಿಷಿ ಬರುತ್ತದೆ. ಟ್ಯಾಮ್ಲಿನ್‌ಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ.

ಬಾಹುಕ, ಹೊನ್ನಾವರ

ಬೆರಳಲ್ಲಿ ಉಂಗುರ, ತಲೆಯಲ್ಲಿ ನೆನಪಿಲ್ಲ. ಮಾರಾಯ್ರೆ, ಇದು ಶಾಕುಂತಲ ಅಲ್ವಾ? ಅಲ್ಲಿ ಮರೆತವನು ಗಂಡ, ಕಳೆದದ್ದು ಉಂಗುರ. ಇಲ್ಲಿ ಮರೆತವಳು ಹೆಂಡತಿ, ಉಂಗುರ ಜೋಪಾನವಾಗಿದೆ. ಮೀನು ಒಂದು ಇಲ್ಲ.

ಮಲೆನಾಡ ಓದುಗಿ, ಶಿರಸಿ

@ಬಾಹುಕ: ಹೋಲಿಕೆ ಸರಿ, ಆದರೆ ಕಾಳಿದಾಸ ಬುದ್ಧಿವಂತ. ದೂರ್ವಾಸ ಶಾಪ ಕೊಟ್ಟದ್ದು ಶಕುಂತಲೆಗೆ ಕೇಳಿಸುವುದಿಲ್ಲ, ನಮಗೆ ಕೇಳಿಸುತ್ತದೆ. ರಾಜ ‘ಈಕೆ ಯಾರು’ ಅಂದಾಗ ಹೊಟ್ಟೆ ಉರಿಯುವುದು ನಮಗೆ ಎಲ್ಲ ಗೊತ್ತಿರುವುದರಿಂದಲೇ. ಇಲ್ಲಿ ಓದುಗರನ್ನೇ ಕತ್ತಲಲ್ಲಿ ಇಟ್ಟಿದ್ದಾರೆ. ಇನ್ನೆರಡು ಪುಸ್ತಕ ಬರಲಿಕ್ಕಿದೆಯಲ್ಲ, ಅದಕ್ಕೆ ಮೀಸಲು.

@ಹಾಸ್ಟೆಲ್ ಹುಡುಗಿ: ನಿನ್ನ ಮಾತು ಒಪ್ಪಿದೆ ತಂಗಿ. ಕೂಡಿಹಾಕುವ ಭಾಗ ನನಗೂ ನಾಟಿತ್ತು. ಆದರೆ ನೋಡು, ಒಟ್ಟಿಗೆ ಇದ್ದು ಹಾಳಾಗುವುದನ್ನು ಬರೆದರು. ಒಟ್ಟಿಗೆ ಇದ್ದು ಸರಿಯಾಗುವುದನ್ನು ಬರೆಯುವುದು ಅದಕ್ಕಿಂತ ಕಷ್ಟ.

ಕತ್ತಿ ಸಾಕು, ಯಲ್ಲಾಪುರ

ಫ್ಯಾಂಟಸಿಯಲ್ಲಿ ಪ್ರೀತಿ ಪ್ರೇಮ ಯಾಕೆ ಬೇಕು ಅಂತಲೇ ನನ್ನ ಪ್ರಶ್ನೆ. ‘ವೀಲ್ ಆಫ್ ಟೈಮ್’ 14 ಸಂಪುಟ ಓದಿದವನು ನಾನು. ಒಬ್ಬ ನಾಯಕ, ಅವನಿಗೆ ಮೂವರು ಪ್ರೇಯಸಿಯರು, ಮೂವರೂ ಜಗಳವಿಲ್ಲದೆ ಒಪ್ಪಿಕೊಳ್ಳುತ್ತಾರೆ. ‘ಡ್ರ್ಯಾಗನ್’ ಅನ್ನುವ ವೀರ ಮರುಜನ್ಮ ಪಡೆದದ್ದನ್ನು ನಂಬಿದೆ, ಇದನ್ನು ನಂಬಲು ಆಗಲಿಲ್ಲ. ಆ ಸರಣಿಯಲ್ಲಿ ಯಾರಾದರೂ ಪ್ರೀತಿಸಿದ ಹಾಗೆ ಕಂಡರೆ ಅದು ಲ್ಯಾನ್ ಮತ್ತು ನೈನೀವ್. ಅವಳು ಸಿಟ್ಟು ಬಂದಾಗೆಲ್ಲ ಜಡೆ ಎಳೆದುಕೊಳ್ಳುತ್ತಾಳೆ. ಅವನು ಮಾತೇ ಆಡುವುದಿಲ್ಲ. ಅದಕ್ಕೇ ಚೆನ್ನಾಗಿದೆ.

ಇನ್ನೊಂದು ಮಾತು. ಮುಗಿಯದ ಸರಣಿಗೆ ನಾನು ಕೈ ಹಾಕುವುದಿಲ್ಲ. ‘ವೀಲ್ ಆಫ್ ಟೈಮ್’ ಬರೆದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಹೋದರು. ಅವರು ಬಿಟ್ಟುಹೋದ ಟಿಪ್ಪಣಿ ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದು 2013ರಲ್ಲಿ ಮುಗಿಸಿಕೊಟ್ಟರು. ನಮ್ಮ ಪುಣ್ಯ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದಕ್ಕೆ ಕಾದವರ ಮಕ್ಕಳು ಈಗ ಹೈಸ್ಕೂಲಿಗೆ ಹೋಗುತ್ತಿದ್ದಾರೆ.

ಪ್ಯಾಸೆಂಜರ್ ಗಾಡಿ, ಅಂಕೋಲಾ

ನಾನು ಗಂಡಸು. ರೊಮಾನ್ಸ್ ಓದುತ್ತೇನೆ. ಕಾರವಾರಕ್ಕೆ ರೈಲಿನಲ್ಲಿ ಓಡಾಡುವವನಿಗೆ ಬ್ರಿಜರ್ಟನ್ ಸರಣಿಯಷ್ಟು ಒಳ್ಳೆಯ ಜೊತೆ ಇಲ್ಲ. ಸುರಂಗದಲ್ಲಿ ನೆಟ್‌ವರ್ಕ್ ಹೋದರೂ ಪುಸ್ತಕ ಹೋಗುವುದಿಲ್ಲ. ಮುಖಪುಟಕ್ಕೆ ಮಾತ್ರ ನ್ಯೂಸ್‌ಪೇಪರ್ ಸುತ್ತಿರುತ್ತೇನೆ, ಆ ಅಂಗಿ ಬಿಚ್ಚಿದ ಚಿತ್ರ ನೋಡಿ ಎದುರು ಸೀಟಿನ ಅಜ್ಜ ಒಮ್ಮೆ ಕೆಮ್ಮಿದ್ದರು.

ಜೂಲಿಯಾ ಕ್ವಿನ್ 2000ದಿಂದ 2006ರ ತನಕ ಬರೆದ ಎಂಟು ಕಾದಂಬರಿ. ಎಂಟು ಮಂದಿ ಅಣ್ಣತಮ್ಮ ಅಕ್ಕತಂಗಿಯರು, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಒಂದು ಜೋಡಿ ಕೂಡಿತಾ, ಮುಂದಿನ ಮದುವೆಗೆ ನಡೆಯಿರಿ.

ಆದರೆ ಶಿರಸಿ ಅಕ್ಕೋರು ಹೇಳಿದ ಹಾಗೆ ಮದುವೆ ಕಂಡು ಹೆದರಿ ಓಡುವ ಸರಣಿ ಅಲ್ಲ ಇದು. ಮೊದಲೆರಡರಲ್ಲೂ ಮದುವೆ ಆಗುವುದು ಪುಸ್ತಕದ ನಡುವಿನಲ್ಲೇ. ಎರಡನೆಯದರ ಆ್ಯಂಥನಿಯನ್ನೇ ನೋಡಿ. ಅಪ್ಪ 38ನೇ ವಯಸ್ಸಿಗೆ ಜೇನುನೊಣ ಕಚ್ಚಿ ಸತ್ತಿದ್ದಾರೆ. ತಾನೂ ಆ ವಯಸ್ಸು ದಾಟುವುದಿಲ್ಲ ಅಂತ ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಾನೆ. ಮದುವೆಗೆ ಬೇಡ ಅನ್ನುವುದಿಲ್ಲ, ಪ್ರೀತಿ ಬೇಡ ಅನ್ನುತ್ತಾನೆ. ಬೇಗ ಸಾಯುವವನಿಗೆ ಬಿಟ್ಟುಹೋಗಲು ಮನಸ್ಸಾಗುವಂಥದ್ದು ಎಂತದೂ ಇರಬಾರದಂತೆ. ನಾಯಕಿ ಕೇಟ್‌ಗೆ ಜೇನು ಕಚ್ಚಿದಾಗ ಗಾಬರಿಬಿದ್ದು ವಿಷ ಹೀರಲು ಹೋಗುತ್ತಾನೆ. ದೊಡ್ಡವರ ಕಣ್ಣಿಗೆ ಬೀಳುತ್ತಾರೆ, ಮದುವೆ ಮಾಡಿಯೇ ಬಿಡುತ್ತಾರೆ. ನಿಜವಾದ ಕತೆ ಅಲ್ಲಿಂದ ಆಚೆಗೆ. ನಗುತ್ತಾ ಓದುತ್ತಿದ್ದವನು ಅಪ್ಪನ ಸಾವಿನ ಪುಟ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನೋಡಿದೆ. ನನ್ನ ಅಪ್ಪನೂ ಬೇಗ ಹೋದವರು.

ಮೊದಲ ಪುಸ್ತಕ ಮಾತ್ರ ನನಗೆ ಆಗಿಬರಲಿಲ್ಲ. ಗಂಡನಿಗೆ ಮಗು ಬೇಡ. ಅವನು ಕುಡಿದು ಎಚ್ಚರ ತಪ್ಪಿದಂತಿರುವಾಗ ನಾಯಕಿ ಮಾಡುವ ಕೆಲಸವನ್ನು ಲೇಖಕಿ ಹಗುರವಾಗಿ ದಾಟಿಸಿಬಿಡುತ್ತಾರೆ. ಹುಡುಗ ಹಾಗೆ ಮಾಡಿದ್ದರೆ ನಾವೆಲ್ಲ ಪುಸ್ತಕ ಎಸೆಯುತ್ತಿದ್ದೆವು.

ಕತ್ತಿ ಸಾಕು, ಯಲ್ಲಾಪುರ

ಜೇನು ಕಚ್ಚಿದ್ದಕ್ಕೆ ಮದುವೆ! ನಮ್ಮ ಕಡೆ ಹಾಗಾದರೆ ತೋಟಕ್ಕೆ ಹೋದವರೆಲ್ಲ ಸಂಸಾರಸ್ಥರಾಗಿರುತ್ತಿದ್ದರು.

ಕಾಳಿ ದಂಡೆ, ಕಾರವಾರ

ನಮ್ಮ ಮನೆಯವರು ಹಡಗಿನಲ್ಲಿ ಕೆಲಸ ಮಾಡುತ್ತಾರೆ. ಹೋದರೆ ತಿಂಗಳುಗಟ್ಟಲೆ ಮನೆಗಿಲ್ಲ. ಹಾಗಾಗಿ ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’ ಬಗ್ಗೆ ನಾನು ನ್ಯಾಯವಾಗಿ ಮಾತಾಡುತ್ತೇನೆ ಅಂತ ನಂಬಬೇಡಿ.

1991ರಲ್ಲಿ ಶುರುವಾದ ಸರಣಿ, 2021ಕ್ಕೆ ಒಂಬತ್ತನೇ ಪುಸ್ತಕ ಬಂತು. ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್ ಸ್ಕಾಟ್ಲೆಂಡಿನ ನಿಂತ ಕಲ್ಲುಗಳ ನಡುವಿನಿಂದ 1743ಕ್ಕೆ ಹೋಗಿ ಬೀಳುತ್ತಾಳೆ. ಮೊದಲ ಪುಸ್ತಕದಲ್ಲೇ ಅಲ್ಲಿಯ ಯೋಧ ಜೇಮಿಯ ಜೊತೆ ಮದುವೆ. ಅದೂ ಇಂಗ್ಲಿಷ್ ಸೈನ್ಯದ ಕೈಗೆ ಸಿಗದಿರಲಿ ಅಂತ. ಮಿಕ್ಕ ಎಂಟೂ ಪುಸ್ತಕ ಗಂಡ ಹೆಂಡತಿಯ ಕತೆಯೇ. ಶಿರಸಿಯವರು ಕೇಳಿದ್ದು ಇದನ್ನೇ ಅಲ್ವಾ?

ಬೇರೆ ಮಾಡುವುದು ಇಲ್ಲೂ ಇದೆ. 1746ರ ಕಲ್ಲೋಡನ್ ಯುದ್ಧಕ್ಕೆ ಮುಂಚೆ ಜೇಮಿ ಬಸುರಿ ಹೆಂಡತಿಯನ್ನು ಅವಳ ಕಾಲಕ್ಕೆ ವಾಪಸು ಕಳಿಸುತ್ತಾನೆ. ಇಪ್ಪತ್ತು ವರ್ಷ ಇಬ್ಬರೂ ಇನ್ನೊಬ್ಬರು ಇಲ್ಲ ಅಂದುಕೊಂಡೇ ಬದುಕುತ್ತಾರೆ. ಮೂರನೇ ಪುಸ್ತಕ ‘ವಾಯೇಜರ್’ನಲ್ಲಿ ಅವಳು ಎಡಿನ್‌ಬರೋದ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ನಿಲ್ಲುತ್ತಾಳೆ. ಆರಡಿ ಮೀರಿದ ಆ ಯೋಧ ಅವಳನ್ನು ನೋಡಿ ಎಚ್ಚರ ತಪ್ಪಿ ಬೀಳುತ್ತಾನೆ! ಆಮೇಲೆ ಅವಳು ತಂದ ಮಗಳ ಫೋಟೊಗಳನ್ನು ಒಂದೊಂದಾಗಿ ತೋರಿಸುತ್ತಾಳೆ. ಫೋಟೊ ಅಂದರೇನೆಂದು ಗೊತ್ತಿಲ್ಲದ ಕಾಲದವನು, ಹುಟ್ಟಿದ್ದನ್ನೇ ಕಾಣದ ಮಗಳು. ನನಗೆ ಆ ಪುಟಗಳಲ್ಲಿ ಇಷ್ಟವಾದದ್ದು ಅವರ ಮುಜುಗರ. ಎದುರಿಗೆ ಕೂತವರು ಗಂಡ ಹೆಂಡತಿ. ಆದರೂ ಹೊಸಬರು. ಕೂದಲು ನರೆತಿದೆ, ಮೈ ಬದಲಾಗಿದೆ, ಏನು ಮಾತಾಡುವುದು ಗೊತ್ತಾಗುತ್ತಿಲ್ಲ. ಹಡಗಿನಿಂದ ಬಂದವರ ಜೊತೆ ಮೊದಲ ಸಂಜೆ ನಮ್ಮ ಮನೆಯಲ್ಲೂ ಹಾಗೇ. ‘ಊಟ ಆಯ್ತಾ’ ಅಂತ ಮತ್ತೆ ಮತ್ತೆ ಕೇಳುತ್ತೇವೆ.

ಐದನೆಯ ಪುಸ್ತಕದಲ್ಲಿ ಒಂದೇ ದಿನಕ್ಕೆ ನೂರಕ್ಕೂ ಮೀರಿ ಪುಟ ಕೊಟ್ಟಿದ್ದಾರೆ. ಒದ್ದೆ ಬಟ್ಟೆ, ಅಳುವ ಮಗು, ನೆಂಟರು, ಕಾಫಿಗೆ ಪರದಾಟ. ಬಹಳ ಮಂದಿ ಅಲ್ಲೇ ಬಿಟ್ಟರು. ನನಗೆ ಆ ದಿನ ಇನ್ನೂ ಸ್ವಲ್ಪ ಉದ್ದ ಇದ್ದರೂ ಆಗುತ್ತಿತ್ತು.

ಆದರೆ ಒಂದು ವಿಷಯಕ್ಕೆ ಈ ಲೇಖಕಿಯನ್ನು ನಾನು ಬಿಡುವುದಿಲ್ಲ. ಕತೆ ಮುಂದೆ ಹೋಗಬೇಕಾದಾಗೆಲ್ಲ ಯಾರ ಮೇಲಾದರೂ ಅತ್ಯಾಚಾರ. ಒಬ್ಬರಿಗಾದ ಮೇಲೆ ಇನ್ನೊಬ್ಬರಿಗೆ. ನೋವನ್ನು ಬರೆಯುವುದು ಬೇರೆ, ಅದನ್ನೇ ಮೆಟ್ಟಿಲು ಮಾಡಿಕೊಳ್ಳುವುದು ಬೇರೆ. ಅಂಥ ಅಧ್ಯಾಯ ಬಂದರೆ ನಾನು ಪುಟ ಹಾರಿಸುತ್ತೇನೆ.

ನಿವೃತ್ತ ಟೀಚರು, ಕುಮಟಾ

ಓದುತ್ತಾ ಬಂದೆ. ಮಕ್ಕಳೇ, ನಿಮ್ಮ ಪ್ರಶ್ನೆ ನನಗೆ ಸ್ವಲ್ಪ ಸೋಜಿಗ. ‘ಮದುವೆಯಾದ ಮೇಲೆ ಕತೆ ಎಲ್ಲಿದೆ’ ಅಂತ ಕನ್ನಡದವರು ಕೇಳುವುದಾ? ನಮ್ಮ ಕಾದಂಬರಿಗಳಲ್ಲಿ ಕತೆ ಶುರುವಾಗುವುದೇ ಅಲ್ಲಿಂದ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನೆಸಿಕೊಳ್ಳಿ. ಪ್ರೀತಿಸಿದವನನ್ನೇ ಮದುವೆಯಾದಳು, ಸುಖವಾಗಿಯೇ ಇದ್ದಳು. ಹೆರಿಗೆಯ ನಂತರ ಮನಸ್ಸು ಕೆಟ್ಟಿತು. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದರೆ ಮನೆಯೇ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಕಾಲದಲ್ಲಿ ಇದನ್ನೆಲ್ಲ ಬರೆದ ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟರು. ನಮ್ಮ ತಲೆಮಾರಿನ ಹುಡುಗಿಯರು ಪ್ರೇಮಕತೆ ಅಂತ ಕೈಗೆತ್ತಿಕೊಂಡು ಸಂಸಾರದ ಕತೆ ಓದಿ ಬೆಳೆದವರು.

ಅದಕ್ಕೇ ಇರಬೇಕು, ಮಗಳು ತಂದುಕೊಟ್ಟ ಇಂಗ್ಲಿಷ್ ಫ್ಯಾಂಟಸಿಗಳಲ್ಲಿ ನನಗೆ ಹತ್ತಿರವಾದದ್ದು ಒಂದೇ. ಅರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಸರಣಿಯ ನಾಲ್ಕನೇ ಪುಸ್ತಕ, ‘ತೆಹಾನು’. ಮೊದಲ ಮೂರು ಬಂದದ್ದು 1968ರಿಂದ 1972ರ ಒಳಗೆ. ಅವುಗಳಲ್ಲಿ ಗೆಡ್ ದೊಡ್ಡ ಮಾಂತ್ರಿಕ. ಎರಡನೆಯದರಲ್ಲಿ ಅವನು ನೆಲದಡಿಯ ಕತ್ತಲಲ್ಲಿ ಸಿಕ್ಕಿಬೀಳುತ್ತಾನೆ. ಅಲ್ಲಿಯ ಪೂಜಾರಿಣಿ ತೆನಾರ್, ಇನ್ನೂ ಹುಡುಗಿ, ಅವನನ್ನು ಸಾಯಲು ಬಿಡದೆ ನೀರು ಕೊಡುತ್ತಾಳೆ. ಇಬ್ಬರೂ ಒಟ್ಟಿಗೆ ಪಾರಾಗುತ್ತಾರೆ. ಬೇರೆಯವರಾಗಿದ್ದರೆ ಅಲ್ಲೇ ಮದುವೆ ಮಾಡಿಸುತ್ತಿದ್ದರು. ಲೆ ಗ್ವಿನ್ ಮಾಡಿಸಲಿಲ್ಲ. ಅವನು ಸಮುದ್ರಕ್ಕೆ ಹೋದ, ಅವಳು ಒಬ್ಬ ರೈತನನ್ನು ಕಟ್ಟಿಕೊಂಡಳು.

ನಾಲ್ಕನೆಯದು ಬಂದದ್ದು 1990ರಲ್ಲಿ. ತೆನಾರ್ ಈಗ ವಿಧವೆ. ಮಕ್ಕಳು ದೊಡ್ಡವರಾಗಿದ್ದಾರೆ. ಬೆಂಕಿಗೆ ತಳ್ಳಲ್ಪಟ್ಟು ಮುಖ ಸುಟ್ಟ ಒಂದು ಮಗುವನ್ನು ಸಾಕಿಕೊಂಡಿದ್ದಾಳೆ. ಗೆಡ್ ಡ್ರ್ಯಾಗನ್ ಬೆನ್ನ ಮೇಲೆ ಬರುತ್ತಾನೆ. ಶಿರಸಿಯವರೇ, ಡ್ರ್ಯಾಗನ್ ಬೇಕು ಅಂದಿರಲ್ಲ, ಇದೆ ನೋಡಿ. ಆದರೆ ಮಂತ್ರಶಕ್ತಿಯೆಲ್ಲ ಖರ್ಚಾಗಿ ಬರಿಗೈ. ರಾಜನ ಕಡೆಯವರು ಹುಡುಕಿಕೊಂಡು ಬಂದರೆ ನಾಚಿಕೆಯಿಂದ ಓಡಿಹೋಗಿ ಗುಡ್ಡದ ಮೇಲೆ ಆಡು ಮೇಯಿಸುತ್ತಾನೆ. ಒಂದು ರಾತ್ರಿ ಕೆಟ್ಟವರು ತೆನಾರ್‌ಳ ಮನೆಗೆ ನುಗ್ಗುತ್ತಾರೆ. ಲೋಕವನ್ನೇ ಕಾದಿದ್ದ ಆ ಮಾಂತ್ರಿಕನ ಕೈಯಲ್ಲಿ ಆಗ ಇರುವುದು ಹುಲ್ಲು ಎತ್ತುವ ಕವಲುಕೋಲು. ಅದರಲ್ಲೇ ಒಬ್ಬನನ್ನು ತಿವಿಯುತ್ತಾನೆ, ಆಮೇಲೆ ನಡುಗುತ್ತಾನೆ. ಅವರಿಬ್ಬರೂ ಜೊತೆಯಾಗುವುದು ಅದರ ನಂತರ, ಚಳಿಗಾಲದಲ್ಲಿ, ಒಲೆಯ ಮುಂದೆ. ಇಬ್ಬರಿಗೂ ನಡುವಯಸ್ಸು ದಾಟುತ್ತಿದೆ. ಮುಂದೆ ತೆನಾರ್‌ಳ ಮಗ ಹಡಗಿನಿಂದ ಮನೆಗೆ ಬರುತ್ತಾನೆ. ಜಮೀನು ತನ್ನದು ಅನ್ನುತ್ತಾನೆ, ಉಂಡ ತಟ್ಟೆ ತೊಳೆಯುವುದು ಹೆಂಗಸರ ಕೆಲಸ ಅನ್ನುತ್ತಾನೆ. ಈ ಮಗನನ್ನು ನಾನು ಕುಮಟಾದಲ್ಲಿ ಬೇಕಾದಷ್ಟು ಮನೆಗಳಲ್ಲಿ ನೋಡಿದ್ದೇನೆ.

ಈ ಪುಸ್ತಕಕ್ಕೆ ನೆಬ್ಯುಲಾ ಪ್ರಶಸ್ತಿ ಬಂತು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಮುನಿಸಿಕೊಂಡರು, ಸಾಹಸ ಎಲ್ಲಿ ಅಂತ. ನನ್ನ ಕೇಳಿದರೆ ಸರಣಿಯ ಮಿಕ್ಕ ಪುಸ್ತಕಗಳಿಗಿಂತ ಇದೇ ಮೇಲು.

ಕತ್ತಿ ಸಾಕು, ಯಲ್ಲಾಪುರ

ಅಕ್ಕೋರೇ, ಆ ಮುನಿಸಿಕೊಂಡವರ ಪೈಕಿ ನಾನೂ ಒಬ್ಬ. ಗೆಡ್‌ನನ್ನು ಆಡು ಮೇಯಿಸಲು ಕಳಿಸಿದ್ದು ನನಗೆ ಈಗಲೂ ಸಮ ಅಲ್ಲ. ಮೊದಲ ಪುಸ್ತಕದಲ್ಲಿ ತನ್ನ ನೆರಳನ್ನೇ ಅಟ್ಟಿಕೊಂಡು ಸಮುದ್ರದ ಕೊನೆಗೆ ಹೋದ ಹುಡುಗ ಅವನು. ಅವನ ಮುಪ್ಪು ನೋಡಲು ನಾನು ಕೇಳಿರಲಿಲ್ಲ.

ನಿವೃತ್ತ ಟೀಚರು, ಕುಮಟಾ

ನಿಮಗೆಷ್ಟು ವಯಸ್ಸು ತಮ್ಮಾ? ಇನ್ನು ಸ್ವಲ್ಪ ಕಾಲ ಬಿಟ್ಟು ಮತ್ತೆ ಓದಿ ನೋಡಿ.

ಬಾಹುಕ, ಹೊನ್ನಾವರ

ಅಕ್ಕೋರು ತ್ರಿವೇಣಿಯವರನ್ನು ಹೇಳಿದರು. ನಾನು ಇನ್ನೂ ಹಿಂದೆ ಹೋಗುತ್ತೇನೆ, ನನ್ನ ಅಡ್ಡಹೆಸರಿನ ಋಣ ತೀರಿಸಬೇಕಲ್ಲ. ನಳ ದಮಯಂತಿ. ಮಾತಾಡುವ ಹಂಸ ಇದೆ, ನಳನ ರೂಪದಲ್ಲಿ ಸಾಲಾಗಿ ಕೂತ ದೇವತೆಗಳಿದ್ದಾರೆ, ಕಚ್ಚಿ ರೂಪ ಕೆಡಿಸುವ ಕಾರ್ಕೋಟಕ ಇದ್ದಾನೆ. ಫ್ಯಾಂಟಸಿಗೆ ಇನ್ನೇನು ಬೇಕು? ಸ್ವಯಂವರ ಶುರುವಿನಲ್ಲೇ ಮುಗಿದುಹೋಗುತ್ತದೆ. ಕತೆಯ ತೂಕವೆಲ್ಲ ಮದುವೆಯ ನಂತರ. ಜೂಜು, ಕಾಡು, ಮಲಗಿದ ಹೆಂಡತಿಯನ್ನು ಬಿಟ್ಟುಹೋಗುವುದು. ವ್ಯಾಸಭಾರತದ ವನಪರ್ವದಲ್ಲಿದೆ. ಕನಕದಾಸರ ‘ನಳಚರಿತ್ರೆ’ಯಲ್ಲಿ ಭಾಮಿನಿ ಷಟ್ಪದಿಯಲ್ಲಿದೆ. ನಮ್ಮ ಯಕ್ಷಗಾನ ಆಟದವರಲ್ಲೂ ಇದೆ.

ದಮಯಂತಿಯ ಜಾಣತನ ನೋಡಿ. ಎರಡನೇ ಸ್ವಯಂವರ ಅಂತ ಸುಳ್ಳು ಸುದ್ದಿ ಕಳಿಸುತ್ತಾಳೆ, ಮರುದಿನವೇ ಅಂತ. ಅಯೋಧ್ಯೆಯಿಂದ ಅಷ್ಟು ಬೇಗ ರಥ ಓಡಿಸಬಲ್ಲವನು ನಳ ಒಬ್ಬನೇ. ಬಂದ ಸಾರಥಿ ಕುರೂಪಿ ಬಾಹುಕ. ಅವನು ಮಾಡಿದ ಅಡುಗೆ ತರಿಸಿ ರುಚಿ ನೋಡುತ್ತಾಳೆ, ಮಕ್ಕಳನ್ನು ಅವನ ಮುಂದೆ ಕಳಿಸುತ್ತಾಳೆ. ಮಕ್ಕಳನ್ನು ಅಪ್ಪಿಕೊಂಡು ಅತ್ತವನು ‘ನನಗೂ ಇಂಥ ಮಕ್ಕಳಿದ್ದರು, ಅದಕ್ಕೇ’ ಅಂತ ಸಾವರಿಸಿಕೊಳ್ಳುತ್ತಾನೆ. ಎಷ್ಟು ಸಲ ನೋಡಿದರೂ ಅಲ್ಲಿಗೆ ಬಂದಾಗ ಸಭೆಯಲ್ಲಿ ಮೂಗು ಒರೆಸುವ ಸದ್ದು.

ಅಂದ ಹಾಗೆ, ಈ ಗುಟ್ಟು ಹೇಳಬೇಡಿ ಅನ್ನುವುದು ನನಗೆ ಅರ್ಥವಾಗದ ಸಂಗತಿ. ಬಾಹುಕನೇ ನಳ ಅಂತ ಗೊತ್ತಿಲ್ಲದೆ ಚಾಪೆ ಹಾಸಿ ಕೂತವರು ಯಾರಿದ್ದಾರೆ?

ಮಲೆನಾಡ ಓದುಗಿ, ಶಿರಸಿ

ಎಲ್ಲರಿಗೂ ಬೆಳಗಿನಿಂದ ಉತ್ತರ ಬರೆಯಬೇಕು ಅಂತಿದ್ದೆ. ಇಲ್ಲಿ ಗಾಳಿ ಮಳೆ, ಕರೆಂಟು ಈಗ ಬಂತು.

ಬಾಹುಕ ಅವರೇ, ನಳನ ಕತೆಯಲ್ಲೂ ಬೇರೆ ಮಾಡಿಯೇ ಮಾಡುತ್ತಾರೆ. ಆದರೆ ಹೆಂಡತಿಗೆ ಗಂಡ ಗೊತ್ತು. ಕೈರುಚಿಯೂ ಗೊತ್ತು, ಕುದುರೆ ಓಡಿಸುವ ರೀತಿಯೂ ಗೊತ್ತು. ಒಟ್ಟಿಗೆ ಬಾಳಿದ್ದರಿಂದಲೇ ಪತ್ತೆಹಚ್ಚುತ್ತಾಳೆ. ಕಾರವಾರದವರು ಹೇಳಿದ ಪ್ರೆಸ್ಸಿನ ಕತೆಯೂ ಹಾಗೇ. ನನ್ನ ಡ್ರ್ಯಾಗನ್ ಜೋಡಿಯ ತೊಂದರೆ ಈಗ ಗೊತ್ತಾಯಿತು. ಮೂರು ಪುಸ್ತಕ ಆದರೂ ವಯಲೆಟ್‌ಳ ಝೇಡನ್ ಏನು ತಿನ್ನುತ್ತಾನೆ, ಯಾವುದಕ್ಕೆ ನಗುತ್ತಾನೆ ಅಂತ ನನಗೆ ಹೇಳಲು ಬರುವುದಿಲ್ಲ. ಅವನ ಮೈಕಟ್ಟು ಮಾತ್ರ ಬಾಯಿಪಾಠ.

ಅಂಕೋಲದವರೇ, ಆ ನ್ಯೂಸ್‌ಪೇಪರ್ ತೆಗೆಯಿರಿ. ಕೆಮ್ಮುವ ಅಜ್ಜನಿಗೂ ಒಂದು ಪುಸ್ತಕ ಕೊಡಿ.

ಹಾಸ್ಟೆಲ್ ಹುಡುಗಿ, ದಾಂಡೇಲಿ

ಅವನು ಚಾಕೊಲೇಟ್ ಕೇಕ್ ತಿನ್ನುತ್ತಾನೆ ಅಕ್ಕಾ! ಮೊದಲ ಪುಸ್ತಕದಲ್ಲೇ ಇದೆ, ಮತ್ತೆ ಓದಿ. ನಾಲ್ಕನೆಯದು ಬಂದ ದಿನವೇ ನಾನು ಓದುತ್ತೇನೆ, ನೀವು ಏನೇ ಹೇಳಿ. ಆ 12 ಗಂಟೆಯಲ್ಲಿ ಏನಾಯಿತು ಅಂತ ತಿಳಿಯದೆ ನನಗೆ ನಿದ್ದೆ ಇಲ್ಲ.

ಟೀಚರ್, ‘ತೆಹಾನು’ ಓದಲು ಮೊದಲಿನ ಮೂರೂ ಓದಲೇಬೇಕಾ? ಪರೀಕ್ಷೆ ಹತ್ತಿರ ಬಂದಿದೆ.

ನಿವೃತ್ತ ಟೀಚರು, ಕುಮಟಾ

ಎರಡನೆಯದು, ‘ದಿ ಟೂಂಬ್ಸ್ ಆಫ್ ಆಟುವಾನ್’, ಬಿಡಬೇಡ. ತೆನಾರ್‌ಳ ಹುಡುಗುತನ ಇರುವುದು ಅದರಲ್ಲಿ. ಮೂರನೆಯದರ ಕೊನೆಯ ಒಂದೆರಡು ಅಧ್ಯಾಯ ಕಣ್ಣಾಡಿಸಿದರೆ ಗೆಡ್ ಯಾಕೆ ಹಾಗಾದ ಅಂತ ತಿಳಿಯುತ್ತದೆ. ಎಲ್ಲವೂ ಸಣ್ಣ ಪುಸ್ತಕಗಳೇ, ನಿಮ್ಮ ಡ್ರ್ಯಾಗನ್ ಕಾಲೇಜಿನ ಒಂದು ಸಂಪುಟದೊಳಗೆ ಎರಡು ಹಿಡಿಯುತ್ತವೆ. ಆದರೆ ಪರೀಕ್ಷೆ ಮುಗಿಸಿಕೊಂಡು ಓದು ಮಗಾ.